ತಾಮ್ರದ ಗುಂಡು, ಕೊನೆಯ ತುತ್ತು

ಟಿಣ್ ಎಂದಿತು. ಆಮೇಲೆ ಮರದ ನೆಲದ ಮೇಲೆ ಏನೋ ಉರುಳಿದ ಸದ್ದು. ಮತ್ತೆ ನಿಶ್ಶಬ್ದ.

ಅಟ್ಟದಲ್ಲಿ ಮಲಗಿದ್ದ ಮಿಂಕಾ ಕಣ್ಣು ಬಿಟ್ಟಳು. ಪೊದ್‌ಸ್ಕಾಲಾ ಊರಿನ ಬೇಟೆಗಾರರ ಸಂಘಕ್ಕೆ ಸೇರಿದ ಈ ಬೆಟ್ಟದ ಮನೆಯನ್ನು ನೋಡಿಕೊಳ್ಳುವವಳು ಅವಳೇ. ಒಲೆ ಆರುವಾಗಿನ ಚಟಪಟ, ಗೋಡೆಯೊಳಗಿನ ಇಲಿ, ಕಿಟಕಿಯ ಬಾಗಿಲಿಗೆ ಗಾಳಿ ಬಡಿಯುವುದು, ಎಲ್ಲವೂ ಅವಳಿಗೆ ಪರಿಚಯ. ಇದು ಯಾವುದೂ ಅಲ್ಲ. ಕೆಳಗೆ ಯಾರೋ ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟರು. ಬೆಂಚು ಕಿರ್ ಎಂದಿತು. ಇಳಿದು ಹೋಗಿ ನೋಡಲೇ ಎಂದುಕೊಂಡಳು. ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ತನ್ನ ಸ್ವಭಾವವನ್ನು ನೆನೆದು, ಯಾರಾದರೂ ನಕ್ಕಾರೆಂದು ಹೊದಿಕೆ ಎಳೆದುಕೊಂಡು ಮಲಗಿಬಿಟ್ಟಳು.

ಕೆಳಗೆ ಮಲಗಿದ್ದವರು ಮೂವರು. ಮುದುಕ ಲೋವ್ರೆನ್ಸ್, ಅವನ ಮಗ ದಾಮ್ಯಾನ್, ಬೆಟ್ಟದ ದಾರಿ ತೋರಿಸುವ ಗಾಷ್ಪರ್. ಗಾಷ್ಪರ್ ಮಿಂಕಾಳ ತಮ್ಮ. ಮುಂಜಾನೆ ಗಾಮ್ಸ್ ಬೇಟೆಗೆ ಹೊರಡುವವರಿದ್ದರು. ಗಾಮ್ಸ್ ಎಂದರೆ ಆ ಬಂಡೆಗಳ ನೆತ್ತಿಯಲ್ಲಿ ಓಡಾಡುವ ಕಾಡುಮೇಕೆ. ಲೋವ್ರೆನ್ಸನಿಗೆ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಇದೇ ಅವನ ಕೊನೆಯ ಬೇಟೆ ಎಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ರಾತ್ರಿ ಊಟಕ್ಕೆ ಕೂತಾಗಲೇ ಜಗಳ ಹತ್ತಿಕೊಂಡಿತ್ತು. ಮಿಂಕಾ ಮುದ್ದೆ ಮತ್ತು ಹುಳಿ ಎಲೆಕೋಸು ಬಡಿಸುತ್ತಿದ್ದಳು. ದಾಮ್ಯಾನ್ ಪೇಟೆಯಿಂದ ತಂದ ಹೊಸ ತೋಟಾಗಳ ಡಬ್ಬಿಯನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟ.

"ಇದೇನೋ?" ಎಂದ ಮುದುಕ.

"ನಿಮ್ಮ ಕೋವಿಗೇ ಅಪ್ಪ. ಅದೇ ಅಳತೆ. ಗುಂಡು ಮಾತ್ರ ಪೂರಾ ತಾಮ್ರ."

"ನಲವತ್ತು ವರ್ಷ ಸೀಸದಲ್ಲೇ ಹೊಡ್ದಿದೀನಿ. ಈಗ ಬಿಂದಿಗೆ ಮಾಡೋ ಲೋಹ ತುಂಬ್ಲಾ?"

ಗಾಷ್ಪರ್ ನಕ್ಕ. ದಾಮ್ಯಾನ್ ನಗಲಿಲ್ಲ. "ಹೋದ ವರ್ಷ ಏನಾಯ್ತು? ನಿಮ್ಮ ಸೀಸ ಒಳಗೇ ಒಡೆದು ನಿಂತ್ಕೊಳ್ತು. ಆಚೆ ಕಡೆ ತೂತೇ ಇಲ್ಲ, ಒಂದು ತೊಟ್ಟು ರಕ್ತ ಬೀಳ್ಲಿಲ್ಲ. ಗಾಯ ಆದ ಪ್ರಾಣೀನ ಹುಡುಕಿ ಹುಡುಕಿ ಸಾಕಾಗಿ ಬಂದ್ವಿ. ಆಮೇಲೆ ನೀವು ವಾರಗಟ್ಲೆ ಊಟ ಬಿಟ್ರಿ. ಇದು ಒಡೆಯಲ್ಲ. ಹೂವಿನ ಥರ ಎಸಳು ಬಿಚ್ಕೊಂಡು ಆಚೆ ಕಡೆ ದಾಟುತ್ತೆ. ರಕ್ತದ ಜಾಡು ಕುರುಡನಿಗೂ ಕಾಣುತ್ತೆ."

"ಕುರುಡ ಅಂದ್ರೆ ನಾನೇನೋ?"

"ಅಯ್ಯೋ ಅಪ್ಪ..."

ಆಗ ಗಾಷ್ಪರ್ ಬಾಯಿ ಹಾಕಿದ. "ದಾಟುತ್ತೆ ಅನ್ನೋದೇ ಯೋಚನೆ ಕಣೋ ದಾಮ್ಯಾನ್. ಅಷ್ಟು ದೂರಕ್ಕೆ ಗಾಳಿಗೆ ಬಾಗದೆ ನೇರ ಹೋಗುತ್ತೆ, ಎಲ್ಲ ಸರಿ. ಆದ್ರೆ ಅದು ನಿಲ್ಲಲ್ಲ. ಹಿಂದೆ ಬಂಡೆ ಇದ್ರೆ ಸರಿಹೋಯ್ತು. ಮನುಷ್ಯ ಇದ್ರೆ? ಹಿಂದೆ ಏನಿದೆ ಅಂತ ನೋಡಕ್ಕಾಗೋರ ಕೈಲಿ ಮಾತ್ರ ಅದು ಇರ್ಬೇಕು."

"ನನ್ನಪ್ಪನ ವಿಷಯ ನನಗೆ ಬಿಡು."

"ಬಿಡ್ತೀನಿ. ನಿನ್ನ ಹಟಕ್ಕೆ ಒಂದಿನ ಹೆಣ ಬೀಳುತ್ತೆ, ನೋಡ್ತಿರು."

ಮುದುಕ ಡಬ್ಬಿಯನ್ನು ಗಾಷ್ಪರ್ ಕಡೆ ತಳ್ಳಿದ. "ನಿನ್ನದೂ ಇದೇ ಅಳತೆಯ ಕೋವಿ. ನೀನೇ ಇಟ್ಕೋ. ದಾಮ್ಯಾನನ ಸಣ್ಣ ಕೋವಿಗೆ ಇದು ಹೋಗಲ್ಲ. ನನ್ನ ಚೀಲದಲ್ಲಿ ಸೀಸ ಇದೆ, ಸಾಕು." ಅಲ್ಲಿಗೆ ಆ ಮಾತು ಮುಗಿಯಿತು, ಮುಗಿದ ಹಾಗಾಯಿತು.

ಬೆಳಕು ಹರಿಯುವ ಮುಂಚೆ ಮೂವರೂ ಹೊರಟರು. ಅಂಗಳದಲ್ಲಿ ದಾಮ್ಯಾನ್, ಎಂದಿನಂತೆ, ಅಪ್ಪನ ತೋಟಾ ಚೀಲಕ್ಕೆ ಕೈ ಹಾಕಿ ಅವನ ಕೋವಿಗೆ ತುಂಬಿಕೊಟ್ಟ. ಮುದುಕ ಅತ್ತ ತಿರುಗಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಗಾಷ್ಪರನೂ ಮುದುಕನೂ ಮೇಲಿನ ಚಾಚುಬಂಡೆಯ ಮೇಲೆ ಕೂರುವುದು, ದಾಮ್ಯಾನ್ ಸುತ್ತಿ ಹೋಗಿ ಆಚೆಯ ಕಣಿವೆ ಬಾಯನ್ನು ಕಾಯುವುದು ಎಂದು ಮಾತಾಗಿತ್ತು.

ಮಿಂಕಾ ಹಿಟ್ಟು ನಾದುತ್ತಿದ್ದಾಗ ಒಂದು ಗುಂಡಿನ ಸದ್ದು ಕೇಳಿತು. ಹಿಟ್ಟು ಉಬ್ಬಿ, ರೊಟ್ಟಿ ತಟ್ಟಿ ಒಲೆಗಿಡುವ ಹೊತ್ತಿಗೆ ಇನ್ನೊಂದು. ಎರಡರ ನಡುವೆ ಅಷ್ಟು ಅಂತರ ಯಾಕೆ ಎಂದು ಅವಳಿಗೆ ಸುಮ್ಮನೆ ಕಸಿವಿಸಿಯಾಯಿತು.

ಹೊತ್ತು ಏರಿದ ಮೇಲೆ ಗಾಷ್ಪರ್ ಮುದುಕನನ್ನು ಕೈಹಿಡಿದು ಕರೆತಂದ. "ತಪ್ಪಿತು," ಎಂದ ಲೋವ್ರೆನ್ಸ್ ಬೆಂಚಿನ ಮೇಲೆ ಕುಸಿಯುತ್ತ. "ಹೊಡೆದೆ. ಗಾಷ್ಪರ್ ಇಳಿದುಹೋಗಿ ನೋಡಿ ಬಂದ. ಓಡ್ತಿದ್ದ ಪ್ರಾಣಿಗೆ ಅವನೂ ಒಂದು ಬಿಟ್ಟ. ಅದೂ ತಪ್ಪಿತು. ದಾಮ್ಯಾನ್ ಬಂದನೇನಮ್ಮ?"

ದಾಮ್ಯಾನ್ ಬಂದಿರಲಿಲ್ಲ. ಹುಡುಕಿಕೊಂಡು ಬರುತ್ತೇನೆಂದು ಗಾಷ್ಪರ್ ಹೋದ. ಹೋಗುವಾಗ ಅಕ್ಕನ ಮುಖ ನೋಡಲಿಲ್ಲ. ಚಾಚುಬಂಡೆಯ ಕೆಳಗಿನ ಕೊರಕಲಿನಲ್ಲಿ ದಾಮ್ಯಾನ್ ಸತ್ತು ಬಿದ್ದಿದ್ದಾನೆ ಎಂಬ ಸುದ್ದಿಯನ್ನು ಅವನೇ ತಂದ.

ಪೇಟೆಯಿಂದ ಇನ್ಸ್‌ಪೆಕ್ಟರ್ ಕೊಬಾಲ್ ಬಂದ. ಒಳ್ಳೆಯ ಮನುಷ್ಯ, ಆದರೆ ಬೇಟೆಗಾರನಲ್ಲ. ಗುಂಡು ದಾಮ್ಯಾನನ ಮೈ ತೂರಿ ಹೋಗಿ ಕಲ್ಲುರಾಶಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ನಾಲ್ಕು ದಿನದ ಮೇಲೆ ಹೆಣ ನೋಡಿದ ವೈದ್ಯನಿಗೆ ಒಳಗೆ ಸಿಕ್ಕಿದ್ದು ಮುರಿದ ಒಂದು ಎಸಳು, ಉಗುರಿನಷ್ಟು ತಾಮ್ರ. ಮುದುಕನ ಕೋವಿಯಲ್ಲೂ ಚೀಲದಲ್ಲೂ ಇದ್ದದ್ದೆಲ್ಲ ಸೀಸ. "ತಾಮ್ರದ ತೋಟಾ ಯಾರ ಹತ್ತಿರ ಇತ್ತು?" ಎಂದು ಕೊಬಾಲ್ ಕೇಳಿದಾಗ ಮಿಂಕಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೆಣ ಬೀಳುತ್ತೆ ಎಂದ ಮಾತನ್ನು ಮುದುಕನೇ ಅಳುತ್ತ ಹೇಳಿದ. ಗಾಷ್ಪರ್ ಒಂದೇ ಒಂದು ಮಾತೂ ಆಡದೆ ಪೊಲೀಸರ ಜೀಪು ಹತ್ತಿದ.

ಆ ಸಂಜೆಯೇ ಮಿಂಕಾ ಡಾಕ್ಟರ್ ಅಮಾಲಿಯಾಳ ಬಾಗಿಲು ತಟ್ಟಿದಳು.

ಅಮಾಲಿಯಾ ದನದ ಡಾಕ್ಟರು. ಕೆಲಸ ಬಿಟ್ಟು ವರ್ಷಗಳಾಗಿದ್ದವು, ಜನ ಬಿಟ್ಟಿರಲಿಲ್ಲ. ಯಾರ ನಾಯಿಗೆ ಯಾರು ವಿಷ ಹಾಕಿದರು, ಯಾರ ಕುರಿಯ ಕಿವಿಗುರುತು ಯಾರು ಬದಲಿಸಿದರು ಎಂಬುದನ್ನೆಲ್ಲ ಕಂಡುಹಿಡಿದವಳು ಅವಳೇ. ಅಂಥ ಪ್ರತಿಯೊಂದರಲ್ಲೂ ಹಿಂದೆ ದೀಪ ಹಿಡಿದು ನಿಂತವಳು ಮಿಂಕಾ.

"ಅಳ್ಬೇಡ ಮಾರಾಯ್ತಿ, ಕೂತ್ಕೋ," ಎಂದಳು ಡಾಕ್ಟರು. "ನಿನ್ನ ತಮ್ಮ ಏನಂತಾನೆ?"

"ಏನೂ ಅನ್ನಲ್ಲ ಡಾಕ್ಟ್ರಮ್ಮ. ಅದೇ ಹೆದರಿಕೆ. ಅವನು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ, ನಿಜ ಹೇಳಿದ್ರೂ ಗೊತ್ತಾಗುತ್ತೆ. ಸುಮ್ನಿದ್ರೆ ನಾನೇನು ಮಾಡ್ಲಿ? ಅವನನ್ನ ಒಳಗೆ ಹಾಕ್ಸಿದ್ದು ನನ್ನ ಬಾಯೇ."

"ನೀನು ನಿಜ ಹೇಳಿದೆ. ಈಗ ಉಳಿದ ನಿಜಾನೂ ಹುಡುಕೋಣ. ಒಂದು ಮಾತು: ಸಿಕ್ಕಿದ ಮೇಲೆ ಬೇಡ ಅನ್ನೋ ಹಾಗಿಲ್ಲ."

"ಅನ್ನಲ್ಲ," ಎಂದಳು ಮಿಂಕಾ.

ಮಾರನೆಯ ದಿನ ಪೇಟೆಯ ಆಸ್ಪತ್ರೆಗೆ ಹೋದರು. ಹೆಣ ನೋಡಿದ ವೈದ್ಯ ಅಮಾಲಿಯಾಳಿಗೆ ಹಳೆಯ ಪರಿಚಯ. ದಾಮ್ಯಾನನ ಕೋಟು, ಜೇಬಿನಲ್ಲಿದ್ದ ವಸ್ತುಗಳು, ಗಾಯದಿಂದ ತೆಗೆದ ಚೂರುಗಳು ಎಲ್ಲವನ್ನೂ ಮೇಜಿನ ಮೇಲೆ ಹರಡಿದ.

"ಗುಂಡು ಒಳಹೊಕ್ಕ ತೂತು ಇಷ್ಟು ದೊಡ್ಡದಾ?" ಎಂದಳು ಅವಳು, ಕೋಟಿನ ಹರಕಿನೊಳಗೆ ಹೆಬ್ಬೆರಳು ತೂರಿಸಿ.

"ಮೈಮೇಲೂ ಹಾಗೇ. ದೊಡ್ಡ ಗುಂಡಿರಬೇಕು."

"ಮತ್ತೆ ಗಾಯದಲ್ಲಿದ್ದ ಈ ಕೂದಲು?"

"ಅವನ ಟೋಪಿಯ ಕುಂಚದ್ದು. ಎಲ್ಲ ಬೇಟೆಗಾರರೂ ಗಾಮ್ಸ್ ಕೂದಲಿನ ಕುಂಚ ಸಿಕ್ಕಿಸ್ಕೋತಾರಲ್ಲ."

ಡಾಕ್ಟರು ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಸತ್ತವನ ಮುಷ್ಟಿಯಲ್ಲಿ ಸಿಕ್ಕಿದ್ದ ಕುಳ್ಳುಪೈನ್ ಗಿಡದ ಚಿಗುರನ್ನು ಎತ್ತಿಕೊಂಡಳು. ಬೀಳುವಾಗ ಹಿಡಿದುಕೊಂಡದ್ದೆಂದು ಪೊಲೀಸರು ಬರೆದಿದ್ದರು. ಚಿಗುರು ಗೇಣುದ್ದವೂ ಇರಲಿಲ್ಲ. ಕೆಳಗಿನ ಸೂಜಿ ಎಲೆಗಳನ್ನು ನೀಟಾಗಿ ಸವರಿ ತೆಗೆಯಲಾಗಿತ್ತು. ತುದಿಗೆ ಮಾತ್ರ ರಕ್ತ ಅಂಟಿತ್ತು. ಇಂಥದನ್ನು ಎಲ್ಲೋ ಕಂಡಿದ್ದೇನೆ ಎನಿಸಿತು ಮಿಂಕಾಳಿಗೆ, ಎಲ್ಲೆಂದು ಹೊಳೆಯಲಿಲ್ಲ. ಕೊನೆಗೆ ಡಾಕ್ಟರು ಕೋಟಿನ ಜೇಬಿನ ಹರಿದ ಒಳಪದರದಿಂದ ಒಂದು ತೋಟಾ ಹೊರಳಿಸಿ ತೆಗೆದಳು. ಮೂತಿಯಲ್ಲಿ ಮೆತ್ತನೆ ಸೀಸ.

"ಇದು ಅವನ ಕೋವಿಗೆ ಹೋಗಲ್ಲ," ಎಂದಳು ಮಿಂಕಾ. "ಅವನದು ಸಣ್ಣ ಅಳತೆ. ಇದು ಲೋವ್ರೆನ್ಸ್ ಮಾವನದು."

"ಹೌದಲ್ಲ," ಎಂದಳು ಡಾಕ್ಟರು. "ಮಿಂಕಾ, ಆ ರಾತ್ರಿ ಏನಾದ್ರೂ ಕೇಳಿಸ್ತಾ?"

ಮಿಂಕಾ ಆ ಸದ್ದಿನ ಬಗ್ಗೆ ಹೇಳಿದಳು. ಹೇಳುತ್ತಿದ್ದಂತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಾಚಿಕೆಯಾಯಿತು. ಇಬ್ಬರೂ ಬೆಟ್ಟದ ಮನೆಗೆ ಹತ್ತಿದರು. ಬೆಂಚಿನ ಕೆಳಗೆ ಹಲಗೆಗಳ ಸಂದಿನಲ್ಲಿ, ಪೊರಕೆಗೆ ಸಿಗದ ಕಡೆ, ಇನ್ನೊಂದು ಸೀಸದ ತೋಟಾ ಸಿಕ್ಕಿಕೊಂಡಿತ್ತು. ಡಾಕ್ಟರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು.

ಹೊರಗೆ ಬಂದಾಗ ಕೊರಕಲಿನ ಮೇಲೆ ಕಾಗೆಗಳು ಸುತ್ತುತ್ತಿದ್ದವು. ಅಲ್ಲಿ ಸುಣ್ಣಕಲ್ಲು ಬಿರಿದು ಬಾಯಿಬಿಟ್ಟ ಒಂದು ಗುಂಡಿ ಇದೆ, ತಳದಲ್ಲಿ ಬೇಸಿಗೆಯಲ್ಲೂ ಹಿಮ. ಮನೆಯ ಏಣಿ ತಂದು ಇಳಿಸಿದರು. ಡಾಕ್ಟರಿಗೆ ಮಂಡಿ ನೋವು. ಮಿಂಕಾ ಇಳಿದಳು. ಒಂದೊಂದು ಮೆಟ್ಟಿಲಿಗೂ ಕೆಳಗೆ ನೋಡಬಾರದೆಂದುಕೊಂಡು ಒಂದೊಂದು ಮೆಟ್ಟಿಲಿಗೂ ನೋಡಿದಳು.

ಹಿಮದ ಮೇಲೆ ಒಂದು ಮುದಿ ಗಂಡು ಗಾಮ್ಸ್ ಮಲಗಿತ್ತು. ಎಸೆದದ್ದಲ್ಲ. ಹಗ್ಗ ಕಟ್ಟಿ ಇಳಿಸಿ, ಬಲ ಮಗ್ಗುಲಿಗೆ ಮಲಗಿಸಿದ್ದರು, ಕಾಲು ಮಡಚಿ, ಮರ್ಯಾದೆಯಿಂದ. ಅದರ ಬಾಯಲ್ಲಿ ಹಸಿರು ಚಿಗುರು ಇತ್ತು.

"ಡಾಕ್ಟ್ರಮ್ಮ," ಎಂದು ಅವಳು ಕೂಗಿದಳು. "ಇದಕ್ಕೆ ಕೊನೆಯ ತುತ್ತು ಕೊಟ್ಟಿದಾರೆ."

ಬೆಟ್ಟದವರು ಬೀಳಿಸಿದ ಪ್ರಾಣಿಯ ಬಾಯಿಗೆ ಅದರ ಕಾಡಿನ ಒಂದು ಚಿಗುರು ಇಡುತ್ತಾರೆ. ಅದು ಕೊನೆಯ ತುತ್ತು. ಇನ್ನೊಂದು ಚಿಗುರನ್ನು ಅದರ ಗಾಯಕ್ಕೆ ಅದ್ದಿ, ಹೊಡೆದವನ ಟೋಪಿಗೆ ಸಿಕ್ಕಿಸುತ್ತಾರೆ. ಹೊಡೆದವನು ತಾನೇ ಸಿಕ್ಕಿಸಿಕೊಳ್ಳುವಂತಿಲ್ಲ, ಜೊತೆಗಿದ್ದವನು ಕೊಡಬೇಕು.

ಡಾಕ್ಟರು ಹೇಳಿದಂತೆ ಮಿಂಕಾ ಪ್ರಾಣಿಯನ್ನು ತಿರುಗಿಸಿ ನೋಡಿದಳು. ಗುಂಡು ಬೆನ್ನಿನ ಹತ್ತಿರ ಸಣ್ಣ ತೂತು ಮಾಡಿ ಒಳಹೊಕ್ಕು, ಆಚೆ ಪಕ್ಕೆಯ ಕೆಳಗೆ ಅಗಲವಾಗಿ ಹೊರಬಿದ್ದಿತ್ತು. ಮೇಲಿನಿಂದ ಕೆಳಕ್ಕೆ.

"ಏಣಿ ಹತ್ತಿ ಬಾ," ಎಂದಳು ಅಮಾಲಿಯಾ ಮೇಲಿನಿಂದ. "ನಿನ್ನ ತಮ್ಮನ್ನ ನೋಡ್ಬೇಕು, ಇವತ್ತೇ."

ಠಾಣೆಯ ಕೋಣೆಯಲ್ಲಿ ಗಾಷ್ಪರ್ ಗಡ್ಡ ಬಿಟ್ಟು ಕೂತಿದ್ದ. ಡಾಕ್ಟರು ಎರಡು ಸೀಸದ ತೋಟಾಗಳನ್ನು ಅವನ ಮುಂದಿಟ್ಟಳು.

"ಒಂದು ಬೆಂಚಿನ ಕೆಳಗೆ ಸಿಕ್ತು, ಇನ್ನೊಂದು ದಾಮ್ಯಾನನ ಜೇಬಿನ ಹರಕಲ್ಲಿ. ರಾತ್ರಿ ಅವನು ಅಪ್ಪನ ಚೀಲದಿಂದ ಸೀಸ ತೆಗೆದು ನಿನ್ನ ಡಬ್ಬಿಯ ತಾಮ್ರ ತುಂಬಿದ. ಒಂದು ಕೈಜಾರಿ ಬಿತ್ತು, ಅದೇ ನಿಮ್ಮಕ್ಕ ಕೇಳಿದ ಸದ್ದು. ಬೆಳಿಗ್ಗೆ ಕೋವಿಗೆ ತುಂಬಿದ್ದೂ ಅವನೇ, ಮುದುಕನಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಯಾರೋ ಸತ್ತವನ ಜೇಬಿಂದ ಸೀಸ ತಗೊಂಡು ವಾಪಸ್ ಮುದುಕನ ಕೋವಿಗೂ ಚೀಲಕ್ಕೂ ಹಾಕಿದಾರೆ. ಅದು ನೀನು."

ಗಾಷ್ಪರ್ ತಲೆ ಎತ್ತಲಿಲ್ಲ.

"ಗಾಮ್ಸ್‌ಗೆ ಗುಂಡು ಬಿದ್ದಿರೋದು ಮೇಲಿಂದ, ಚಾಚುಬಂಡೆಯಿಂದ. ಅಲ್ಲಿಂದ ಹೊಡೆದದ್ದು ಒಬ್ಬರೇ. ನೀನು ಹೊಡೆದದ್ದು ಆಮೇಲೆ, ಕೊರಕಲಲ್ಲಿ ನಿಂತು, ಬಂಡೆಗೆ. ನಿನ್ನ ಕೋವೀಲೂ ತಾಮ್ರ ಹಾರಿದೆ ಅಂತ ಆಗ್ಲಿ ಅನ್ನೋಕೆ. ಅದಕ್ಕೇ ಎರಡು ಸದ್ದಿನ ಮಧ್ಯೆ ಅಷ್ಟು ಹೊತ್ತು. ಗಾಮ್ಸ್‌ನೂ ಬಚ್ಚಿಟ್ಟೆ. ಬಾಯಲ್ಲಿದ್ದ ಚಿಗುರು ತೆಗೆದುಬಿಟ್ಟಿದ್ರೆ ಯಾರೋ ಕದ್ದು ಹೊಡೆದ ಪ್ರಾಣಿ ಅಂತಿದ್ದೆ ನಾನು."

"ಹೇಗೆ ತೆಗೀಲಿ ಡಾಕ್ಟ್ರಮ್ಮ?" ಎಂದ ಗಾಷ್ಪರ್ ಮೆಲ್ಲಗೆ. "ಕೊಟ್ಟ ತುತ್ತು. ಅದೂ ದಾಮ್ಯಾನ್ ಕೊಟ್ಟದ್ದು."

ಮಿಂಕಾ ತಮ್ಮನ ಎದುರಿಗೆ ಬಂದು ಕೂತಳು.

"ಆಚೆ ಕಣಿವೆಗೆ ಹೋಗ್ಬೇಕಾದೋನು ಕೆಳಗೆ ಬಂದು ಕಾಯ್ತಿದ್ದ ಅಕ್ಕ," ಎಂದ ಅವನು, ಈಗ ಅವಳನ್ನೇ ನೋಡುತ್ತ. "ಅಪ್ಪನ ಕೊನೇ ಗಾಮ್ಸ್ ಬಿದ್ದಾಗ ಪಕ್ಕದಲ್ಲಿ ತಾನೇ ಇರ್ಬೇಕು, ಚಿಗುರು ತಾನೇ ಮುರೀಬೇಕು ಅಂತ ಆಸೆ. ನಾನೂ ನೋಡ್ಲಿಲ್ಲ. ನಾನು ಹೋಗೋ ಹೊತ್ತಿಗೆ ಪ್ರಾಣಿ ಅವನ ಪಕ್ಕಕ್ಕೇ ಉರುಳಿ ಬಂದಿತ್ತು. ಅದರ ಬಾಯಿಗೆ ಚಿಗುರು ಇಟ್ಟಿದ್ದ. ಇನ್ನೊಂದನ್ನ ಗಾಯಕ್ಕೆ ಅದ್ದಿ ಕೈಲಿ ಹಿಡ್ಕೊಂಡು ಕೂತಿದ್ದ. ಇನ್ನೂ ಜೀವ ಇತ್ತು. ನಕ್ಕ. 'ಹೊಡೆದ ನೋಡೋ, ಮುದುಕ ಹೊಡೆದೇಬಿಟ್ಟ' ಅಂದ. ಆಮೇಲೆ ನನ್ನ ಕಾಲರ್ ಹಿಡ್ಕೊಂಡ. 'ತಪ್ಪಿತು ಅನ್ನು. ಸೀಸ ನನ್ನ ಜೇಬಲ್ಲಿದೆ, ವಾಪಸ್ ಹಾಕು. ಅಪ್ಪನಿಗೆ ಗೊತ್ತಾಗ್ಬಾರ್ದು. ಪ್ರಮಾಣ ಮಾಡು' ಅಂದ."

"ಮಾಡಿದೆಯಾ?"

"ಮಾಡ್ದೆ."

ಡಾಕ್ಟರು ತೋಟಾಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಕೊಲೆ ಅಂತ ನಿನ್ನನ್ನ ಸಾಯೋವರೆಗೂ ಒಳಗಿಡ್ತಾರೆ," ಎಂದಳು ಡಾಕ್ಟರು. "ಅದಕ್ಕೆ ನಾನು ಬಿಡಲ್ಲ. ಆಕಸ್ಮಿಕ ಅನ್ನೋದಂತೂ ಹೇಳ್ತೀನಿ."

"ಹೇಳಿ. ಹೊಡೆದದ್ದು ನಾನು ಅಂತ ಹೇಳಿ."

"ನಾನು ಸುಳ್ಳು ಹೇಳಲ್ಲ."

"ಹಾಗಾದ್ರೆ ಹೊಡೆದದ್ದು ಯಾರು ಅಂದಾಗ ಸುಮ್ನಿರಿ. ಉಳಿದದ್ದು ನಾನು ಹೇಳ್ಕೋತೀನಿ."

ಅಮಾಲಿಯಾ ಮಿಂಕಾಳತ್ತ ತಿರುಗಿದಳು. "ನಾನು ಮಾತು ತಗೊಂಡಿದ್ದು ನಿನ್ನ ಹತ್ರ. ಇವನು ನಿನ್ನ ತಮ್ಮ. ನೀನೇ ಹೇಳು."

ಮಿಂಕಾ ತಮ್ಮನ ಕಾಲರ್ ಸರಿಮಾಡಿ ಹೊರಗೆ ನಡೆದಳು.

ಮರುದಿನ ಎಲ್ಲರೂ ಬೆಟ್ಟದ ಮನೆಯಲ್ಲಿ ಸೇರಿದರು. ಕೊಬಾಲ್ ಗಾಷ್ಪರನನ್ನು ಕರೆತಂದಿದ್ದ. ಒಲೆಯ ಪಕ್ಕದಲ್ಲಿ ಲೋವ್ರೆನ್ಸ್, ಕಪ್ಪು ಕೋಟು ತೊಟ್ಟು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಂದು ವಾರದಲ್ಲಿ ಅವನು ಕುಗ್ಗಿ ಅರ್ಧವಾಗಿದ್ದ. ಮಿಂಕಾ ಚಹಾ ಕೊಟ್ಟಳು, ಯಾರೂ ಕುಡಿಯಲಿಲ್ಲ.

"ಇನ್ಸ್‌ಪೆಕ್ಟ್ರೇ," ಎಂದು ಡಾಕ್ಟರು ಶುರುಮಾಡಿದಳು, "ಮೊದಲು ಗಾಯ ನೋಡಿ. ಈ ತಾಮ್ರದ ಗುಂಡು ಒಳಹೊಕ್ಕೋವಾಗ ಸಣ್ಣ ತೂತು ಮಾಡುತ್ತೆ, ಮಾಂಸಕ್ಕೆ ಬಿದ್ದ ಮೇಲೆ ಎಸಳು ಬಿಚ್ಚುತ್ತೆ. ದಾಮ್ಯಾನನ ಮೈಗೆ ಹೊಕ್ಕ ಕಡೆಯೇ ತೂತು ಅಗಲ. ಅಂದ್ರೆ?"

"ಮೊದಲೇ ಬಿಚ್ಕೊಂಡಿತ್ತು," ಎಂದ ಕೊಬಾಲ್ ಯೋಚಿಸುತ್ತ.

"ಬೇರೆ ಯಾವುದೋ ಮಾಂಸ ದಾಟಿ ಬಂದಿತ್ತು. ಎರಡನೇದು ಕೂದಲು. ಟೋಪಿಯ ಕುಂಚ ಕಟ್ಟೋದು ಬೆನ್ನಿನ ಕೂದಲಲ್ಲಿ. ಉದ್ದ ಇರುತ್ತೆ, ತುದಿ ಬಿಳಿ. ಗಾಯದಲ್ಲಿದ್ದದ್ದು ಗಿಡ್ಡ ಕೂದಲು, ಪಕ್ಕೆ ಕೆಳಗಿನದು, ಗುಂಡು ಕತ್ತರಿಸಿದ್ದು. ಮೂರನೇದು ಅವನ ಕೈಲಿದ್ದ ಚಿಗುರು. ಬೀಳೋನು ಗಿಡ ಹಿಡ್ಕೊಂಡ್ರೆ ಎಲೆ ಸವರಿ, ತುದಿ ಮಾತ್ರ ರಕ್ತಕ್ಕೆ ಅದ್ದಲ್ಲ. ಪಕ್ಕದಲ್ಲಿ ಬಿದ್ದ ಪ್ರಾಣಿ ಇದ್ದಾಗ ಮಾತ್ರ ಬೇಟೆಗಾರ ಹಾಗೆ ಮಾಡೋದು. ಆ ಪ್ರಾಣೀನ ನಾವು ಗುಂಡೀಲಿ ನೋಡಿದ್ವಿ. ಗುಂಡು ಅದನ್ನ ದಾಟಿ, ಹಿಂದೆ ಪೊದೆಯಲ್ಲಿ ಕಾಣದ ಹಾಗೆ ಕೂತಿದ್ದ ದಾಮ್ಯಾನನಿಗೆ ತಗುಲಿದೆ. ಯಾರೂ ಅವನಿಗೆ ಗುರಿ ಇಟ್ಟಿಲ್ಲ. ಇದು ಕೊಲೆ ಅಲ್ಲ."

"ಹೊಡೆದದ್ದು ಯಾರು?" ಎಂದ ಕೊಬಾಲ್.

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದಳು.

"ನಾನು," ಎಂದ ಗಾಷ್ಪರ್. "ಮಾವನ ಗುಂಡು ತಪ್ಪಿತು. ಪ್ರಾಣಿ ಕೆಳಗಿಳೀತು. ದೊಡ್ಡ ಗಂಡು. ದುರಾಸೆ ಆಯ್ತು, ಹೊಡೆದೆ. ಹಿಂದೆ ನೋಡ್ಲಿಲ್ಲ. ಆಮೇಲೆ ಹೆದರ್ಕೊಂಡು ಬಚ್ಚಿಟ್ಟೆ."

ಲೋವ್ರೆನ್ಸ್ ನಿಧಾನವಾಗಿ ಎದ್ದು ನಿಂತ. "ನನ್ನ ಬೇಟೆಯ ದಿನ? ನನ್ನ ಗಾಮ್ಸ್ ಮೇಲೆ? ದಾರಿ ತೋರ್ಸೋಕೆ ಬಂದೋನು ನೀನು! ಕೋವಿ ಹಿಡಿಯೋದು ಕಲಿಸಿದ್ದೇ ನಾನು ಕಣೋ ನಿನಗೆ. ಹಿಂದೆ ನೋಡು, ಹಿಂದೆ ನೋಡು ಅಂತ ಬಡ್ಕೊಂಡು ಹೇಳ್ಕೊಟ್ಟೆ. ನನ್ನ ಮಗನಿಗೆ ಅವತ್ತು ರಾತ್ರಿ ದೊಡ್ಡದಾಗಿ ಬುದ್ಧಿ ಹೇಳ್ದೆಯಲ್ಲೋ, ಥೂ!"

ಗಾಷ್ಪರ್ ಮುಖದ ಮೇಲೆ ಬಿದ್ದ ಉಗುಳನ್ನು ಒರೆಸಿಕೊಳ್ಳಲಿಲ್ಲ. "ನೀವು ಹೇಳೋದು ಸರಿ ಮಾವ," ಎಂದ.

"ಮಾವ ಅನ್ಬೇಡ."

ಕೊಬಾಲ್ ಕೆಮ್ಮಿದ. "ಕೊಲೆ ಆರೋಪ ಕೈಬಿಡ್ತೀವಿ. ಅಜಾಗರೂಕತೆಗೆ ಕೋರ್ಟು ಎಷ್ಟು ಹಾಕುತ್ತೋ ನೋಡೋಣ. ಕೋವಿ ಮಾತ್ರ ಈ ಜನ್ಮಕ್ಕಿಲ್ಲ. ಈ ಬೆಟ್ಟದ ಕೆಲಸಾನೂ."

ಮುದುಕ ಕೂರಲಿಲ್ಲ. ಒಲೆಯ ಅಂಚು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಮಿಂಕಾಳ ಹತ್ತಿರ ಬಂದ. ಮಂಜುಗಣ್ಣುಗಳಿಂದ ಅವಳ ಮುಖವನ್ನು ಹುಡುಕಿದ.

"ಮಗಳೇ, ಇವರೆಲ್ಲ ದೊಡ್ಡೋರು, ಓದಿದೋರು. ನೀನು ಹೇಳು. ನಾನು ಹೊಡೆದಾಗ ಅದು ಬೆನ್ನು ಬಾಗಿಸ್ತು ಅನ್ನಿಸ್ತು ನನಗೆ. ಏಟು ಬಿದ್ರೆ ಹಾಗೆ ಬಾಗುತ್ತೆ. ಕಣ್ಣು ಮಂಜು, ನಿಜ. ಆದ್ರೂ ರಾತ್ರಿ ಎಲ್ಲ ಅದೇ ಕಾಣುತ್ತೆ. ನೀನು ಆ ಪ್ರಾಣೀನ ಹತ್ತಿರದಿಂದ ನೋಡಿದೀಯ. ನನ್ನ ಗುಂಡು ತಪ್ಪಿತೇನಮ್ಮ?"

ಮಿಂಕಾ ತಮ್ಮನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ. ಒಂದೇ ಮಾತು ಹೇಳಿದರೆ ಸಾಕಿತ್ತು. ಅವನ ಕೈಗೆ ಹಾಕಿದ ಬೇಡಿ ಕಳಚುತ್ತಿತ್ತು. ಅವನ ಬೆಟ್ಟ ಅವನಿಗೆ ಸಿಗುತ್ತಿತ್ತು. ಈ ಮುದುಕ ಮಾತ್ರ ನಿಂತಲ್ಲೇ ಮುರಿದು ಬೀಳುತ್ತಿದ್ದ.

"ತಪ್ಪಿತು ಮಾವ," ಎಂದಳು. "ಪೂರ್ತಿ ತಪ್ಪಿತು."

ಅವನು ತಲೆಯಾಡಿಸಿದ. ಉಸಿರು ಬಿಟ್ಟ. ಅದು ಸಮಾಧಾನವೋ ನಿರಾಸೆಯೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಇಳಿಜಾರಿನ ದಾರಿಯಲ್ಲಿ ಅಮಾಲಿಯಾ ಅವಳ ತೋಳು ಹಿಡಿದು ನಡೆದಳು. "ಇಷ್ಟು ವರ್ಷದಲ್ಲಿ ಒಂದು ಮೆಟ್ಟಿಲು ಬಿಟ್ಟು ನಾನು ವಿವರಿಸಿದ್ದು ಇದೇ ಮೊದಲು," ಎಂದಳು. "ನಿನಗೆ ಮನಸ್ಸು ಬದಲಾದ್ರೆ ಹೇಳು. ಕೋರ್ಟಲ್ಲಿ ನಿಂತು ಪೂರಾ ಹೇಳ್ತೀನಿ. ಗಾಷ್ಪರ್ ಕೋಪ ಮಾಡ್ಕೊಂಡ್ರೂ ಹೇಳ್ತೀನಿ."

ಮಿಂಕಾ ಡಾಕ್ಟರ ಮಂಡಿಗೆ ನೋವಾಗದಂತೆ ಹೆಜ್ಜೆ ನಿಧಾನ ಮಾಡಿದಳು. ಡಾಕ್ಟರು ಮತ್ತೆ ಕೇಳಲಿಲ್ಲ.

ಶನಿವಾರ ಊರಿನ ರೊಟ್ಟಿ ಅಂಗಡಿಯಲ್ಲಿ ಸಾಲು ಇತ್ತು. ಮಿಂಕಾ ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಅಂಗಡಿಯ ಹೆಂಗಸು ರೊಟ್ಟಿಯನ್ನು ಕಾಗದಕ್ಕೆ ಸುತ್ತುತ್ತ, ಯಾರಿಗೋ ಹೇಳುವವಳಂತೆ ಹೇಳಿದಳು: "ಚಿಕ್ಕ ಮಕ್ಕಳೂ ಹಿಂದೆ ಏನಿದೆ ನೋಡಿ ಕಲ್ಲು ಬೀಸ್ತವೆ. ಇವನು ದಾರಿ ತೋರ್ಸೋನಂತೆ, ದಾರಿ! ಮೇಕೆ ಆಸೆಗೆ ಚಿನ್ನದಂಥ ಹುಡುಗನ್ನ ತಿಂದ. ಅಲ್ವೇನಮ್ಮ ಮಿಂಕಾ? ನೀನು ಅಲ್ಲೇ ಇದ್ದೆಯಲ್ಲ, ಏನಾಯ್ತು ಅಂತ ನೀನೇ ಹೇಳು."

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಬಾಗಿಲಿನ ಬಳಿ ದಾಮ್ಯಾನನ ಹೆಂಡತಿ ಮಾವ ಲೋವ್ರೆನ್ಸನ ಕೈಹಿಡಿದು ಒಳಗೆ ಬರುತ್ತಿದ್ದಳು. ಮೆಟ್ಟಿಲು ಎಲ್ಲಿದೆ ಎಂದು ಅವನು ಕಾಲಿನಿಂದ ತಡಕುತ್ತಿದ್ದ.

ಮಿಂಕಾಳ ನಾಲಿಗೆಯ ತುದಿಯವರೆಗೂ ನಿಜ ಬಂತು. ಗಾಷ್ಪರ್ ಠಾಣೆಯಲ್ಲಿ ಕೂತಿದ್ದ ರೀತಿ ನೆನಪಾಯಿತು, ಉಗುಳಿಸಿಕೊಂಡರೂ ಒರೆಸಿಕೊಳ್ಳದೆ ನಿಂತದ್ದು ನೆನಪಾಯಿತು. ಕೋರ್ಟಿನಲ್ಲಿ ಕೇಳುತ್ತಾರೆ, ಇಗರ್ಜಿಯಲ್ಲಿ ಪಾದ್ರಿ ಕೇಳುತ್ತಾನೆ, ಮುಪ್ಪಿನಲ್ಲಿ ತನ್ನ ಮನಸ್ಸೇ ಕೇಳುತ್ತದೆ. ಅವರಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ, ಆ ಹಿಟ್ಟಿನ ವಾಸನೆಯಲ್ಲಿ, ತೀರ್ಮಾನಿಸಿದಳು.

"ಒಂದು ರೊಟ್ಟಿ ಕೊಡಿ," ಎಂದಳು, ಮತ್ತು ಮುದುಕನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.